ಸಾಲಿ ಬಿಡ್ತೈತಿ, ಸೋಫಾ ಬಿಡಂಗಿಲ್ಲ!

ಪ್ರಶ್ನೆ: ಅಕ್ಕಾರ, ನಾವು ಗದಗ-ಬೆಟಗೇರಿಯವರು. ಮಗಗ 9 ವರ್ಷ, ನಾಲ್ಕನೇತ್ತಾ. ನಾಲ್ಕೂವರಿಗೆ ಬಂದಾವನ ಪಾಟಿಚೀಲ ಒಗದು, ಯೂನಿಫಾರ್ಮ್ ಸೈತ ಬಿಚ್ಚದ ಮೊಬೈಲ್ ಹಿಡ್ಕೊಂಡು ಸೋಫಾದಾಗ ಕುಂತಬಿಡ್ತಾನ. ಐದೂವರಿಗೆ ಟ್ಯೂಷನ್, ಬರೂದರಾಗ ಏಳು. ಓಣ್ಯಾಗ ಆಡ್ಲಿ ಅಂದ್ರ ನಮ್ಮತ್ತಿಯವರು ಬೈಕ್ ಬಡೀತಾವು ಅಂತ ಬಿಡಂಗಿಲ್ಲ. ಸ್ಕೇಟಿಂಗ್ ಕ್ಲಾಸಿಗೆ ಹಾಕಿದ್ರ ಸುಧಾರಿಸ್ತಾನೇನ್ರಿ?

ಉತ್ತರ: ಹಾಕವಾ ತಂಗಿ, ಬ್ಯಾಡ ಅನ್ನಂಗಿಲ್ಲ, ಆದ್ರ ವಾರದಾಗ ಎರಡ ದಿನ ಕ್ಲಾಸಿಗೆ ಹ್ವಾದ್ರ ಉಳಿದ ಐದ ದಿನ ಮತ್ತ ಅದ ಸೋಫಾ. ವಿಶ್ವ ಆರೋಗ್ಯ ಸಂಸ್ಥೆಯವರು 2020ರಾಗ ಹೇಳ್ಯಾರ, 5ರಿಂದ 17 ವರ್ಷದ ಮಕ್ಕಳು ದಿನಕ್ಕ ಸರಾಸರಿ 60 ನಿಮಿಷರೆ ಉಸರು ಏರಂಗ ಓಡ್ಯಾಡಬೇಕು ಅಂತ. ಈಗ ನಿಮ್ಮ ಮನಿ ಗಡಿಯಾರ ನೋಡು, ನಾಲ್ಕೂವರಿಯಿಂದ ಹೊತ್ತು ಮುಣಗೂತನ ಇರೋ ಬೆಳಕಿನ್ಯಾಗ ಅರ್ಧ ಮೊಬೈಲಿಗೆ ಹೋತು, ಅರ್ಧ ಟ್ಯೂಷನ್ನಿಗೆ ಹೋತು, ಕಾರ್ತೀಕದಾಗಂತೂ ಆರಕ್ಕ ಕತ್ತಲಾಗ್ತೈತಿ. ಲೈಟ್ ಹಚ್ಚಿ ಲೆಕ್ಕ ಮಾಡಬಹುದು, ಲಗೋರಿ ಆಡಾಕ ಬರಂಗಿಲ್ಲ. ಟ್ಯೂಷನ್ನಿನವ್ರನ್ನ ಆರೂವರಿ ಬ್ಯಾಚ್ ಐತೇನ್ರಿ ಅಂತ ಕೇಳು ಮೊದಲ.

ಇನ್ನೊಂದು, ಚಾರ್ಜರ್ ಎಲ್ಲಿರ್ತೈತಿ? ಸೋಫಾದ ಮಗ್ಗಲಕ್ಕನ ಇರ್ತೈತಿ ಅನಸ್ತೈತಿ. ಅದನ್ನ ಒಳಗಿನ ಖೋಲ್ಯಾಗ ಇಡು, ಚೆಂಡು ಬಾಗಲ ಹಂತ್ಯಾಕ ಇಡು. ಬಂದಕೂಡ್ಲೆ ಅರಬಿ ಬದಲ ಮಾಡಿಸಿ ಒಂದ ಮುಷ್ಟಿ ಶೇಂಗಾ-ಬೆಲ್ಲ ಕೈಯಾಗ ಕೊಟ್ಟು ಹೊರಗ ಕಳಸು, ತಾಟಿನ್ಯಾಗ ಹಾಕಿಕೊಟ್ರ ಮತ್ತ ಟಿವಿ ಮುಂದನ ಕೂಡ್ತಾನ. ಆ ಹೊತ್ತಿನ್ಯಾಗ ನೀವು ಗಂಡ ಹೆಂಡ್ತಿನೂ ರೀಲ್ಸ್ ನೋಡ್ಕೋತ ಕುಂತ್ರ ಮಾತ್ರ ನಾ ಬರದಿದ್ದೆಲ್ಲಾ ದಂಡ. ಅವರಪ್ಪ ರವಿವಾರ ಭೀಷ್ಮ ಕೆರಿ ಕಡೆ ಕರಕೊಂಡು ನಡಕೋತ ಹೋಗ್ಲಿ, ಬೈಕಿನ ಮ್ಯಾಲಲ್ಲ!

ಅತ್ತಿಯವರು ಅಂಜೂದು ಸುಳ್ಳಲ್ಲ, ನಮ್ಮ ಓಣ್ಯಾಗೂ ಹುಡುಗ್ರು ಹೆಂಗ ಬೈಕ್ ಹೊಡೀತಾರಂತ ನೋಡೇನಿ. ಅದಕ್ಕ ಅವರನ್ನ ಬೈಯಬ್ಯಾಡ, ಕಾಯಾಕ ಹಚ್ಚು. ಮೆಂತೆ ಪಲ್ಲೆ ಸೋಸೂದನ್ನ ಸಂಜಿಗೆ ಇಟ್ಕೊಂಡು ಕಟ್ಟಿ ಮ್ಯಾಲ ಕೂಡ್ಲಿ, ಬಾಜೂ ಮನಿ ಅಜ್ಜಿನೂ ಬರ್ತಾರ, ಅವರ ಮೊಮ್ಮಕ್ಕಳೂ ಬರ್ತಾವು, ಒಬ್ಬನ ಆಡು ಅಂದ್ರ ಯಾವ ಹುಡುಗ ಆಡ್ತಾನ? ಮತ್ತ ನೀ ಮಗಂದ ಅಷ್ಟ ಬರದಿ, ಮನ್ಯಾಗ ಮಗಳಿದ್ರ ಆ ಹೊತ್ತಿನ್ಯಾಗ ಆಕಿ ಕೈಯಾಗ ಕಸಬರಿಗಿ ಕೊಡಬ್ಯಾಡವಾ.

ಮೊದಲ ನಾಕ ದಿನ ರಗಳಿ ಮಾಡ್ತಾನ. ಒಂದಿನ ಮೊಣಕಾಲ ಕೆತ್ತಿಸ್ಕೊಂಡೂ ಬರ್ತಾನ. ಸಬಕಾರ ಹಚ್ಚಿ ತೊಳಿ, ಮರುದಿನ ಮಾತ್ರ "ನಿನ್ನೆ ಬಿದ್ದಿ, ಇವತ್ತ ಬ್ಯಾಡ" ಅನಬ್ಯಾಡ.