ತುರಿಕೆಯನ್ನು ಮೆಣಸಿನಕಾಯಿಯ ತಲೆಗೆ ಕಟ್ಟಿದ್ದೆ

ಅಕ್ಕೋರೇ, ಕಾಲಿನ ರಕ್ತನಾಳಗಳು ಉಬ್ಬುವ ವೆರಿಕೋಸ್ ವೇನ್ಸ್‌ಗೆ ಲೇಸರ್ ಮಾಡಿಸಿದರೆ ಎಷ್ಟು ದಿನ ವಿಶ್ರಾಂತಿ ಬೇಕು, ಶಾಲೆಗೆ ಬೇಸಿಗೆ ರಜೆ ಬರುವವರೆಗೆ ತಡೆಯಬಹುದೇ ಎಂದು ಕೇಳಿದ್ದೀರಿ. ನನ್ನ ಕಣ್ಣು ನಿಂತದ್ದು ಮಾತ್ರ ‘ಕಾಲಿನ ಹರಡಿನ ಬಳಿ ಕಪ್ಪಾಗಿದೆ, ಆಗಾಗ ತುರಿಸುತ್ತದೆ’ ಎಂಬ ನಿಮ್ಮ ಕೊನೆಯ ಸಾಲಿನ ಮೇಲೆ.

ನಾನು ಬ್ಯಾಡಗಿಯ ಮೆಣಸಿನಕಾಯಿ ಪೇಟೆಯ ದಲಾಲಿ ಅಂಗಡಿಯೊಂದರಲ್ಲಿ ಗುಮಾಸ್ತ. ಸೀಸನ್ನಿನ ಸೋಮವಾರ, ಗುರುವಾರಗಳಂದು ಬೆಳಗಿನಿಂದ ರಾತ್ರಿಯವರೆಗೆ ಚೀಲಗಳ ನಡುವೆ ನಿಂತೇ ತೂಕ, ನಿಂತೇ ಲೆಕ್ಕ. ಎಡ ಮೀನಖಂಡದಲ್ಲಿ ನರಗಳು, ಅಂದರೆ ರಕ್ತನಾಳಗಳು, ಗಂಟುಗಂಟಾಗಿ ಉಬ್ಬಿ ಹತ್ತು ವರ್ಷವಾಗಿದ್ದರೂ ನೋವಿರಲಿಲ್ಲವಾದ್ದರಿಂದ ಅದನ್ನು ರೋಗವೆಂದೇ ಎಣಿಸಿರಲಿಲ್ಲ. ಒಳಹರಡಿನ ಮೇಲೆ ನಾಲ್ಕು ಬೆರಳಗಲ ಚರ್ಮ ಕಂದಿ ತುರಿಸತೊಡಗಿದಾಗ, ಡಬ್ಬಿ, ಕಡ್ಡಿ ತಳಿಗಳ ಮೆಣಸಿನಕಾಯಿಯ ಘಾಟಿಗೆ ಇಡೀ ಪೇಟೆಯೇ ಸೀನುತ್ತಿರುವಾಗ ಒಂದು ಕಾಲು ತುರಿಸುವುದೇನು ದೊಡ್ಡದು ಎಂದುಕೊಂಡೆ. ಎರಡೂ ಕಾಲಿಗೆ ಮೆತ್ತುತ್ತಿದ್ದುದು ಒಂದೇ ಧೂಳು. ಹಾಗಿದ್ದರೆ ಎಡಗಾಲೇ ಏಕೆ ತುರಿಸಬೇಕು ಎಂಬ ಪ್ರಶ್ನೆ ಹದಿನಾಲ್ಕು ತಿಂಗಳು ನನ್ನ ತಲೆಗೆ ಹೊಳೆಯಲಿಲ್ಲ. ಔಷಧ ಅಂಗಡಿಯಲ್ಲಿ ಹುಳುಕಡ್ಡಿಯ ಮಲಾಮು ಕೇಳಿ ತಂದು ಹಚ್ಚಿದೆ. ಅದರಲ್ಲಿ ಬೆರೆಸಿದ್ದ ಸ್ಟಿರಾಯ್ಡ್‌ನಿಂದ ತುರಿಕೆ ವಾರಕ್ಕೊಮ್ಮೆ ತಗ್ಗುತ್ತಿತ್ತು, ಚರ್ಮ ತೆಳುವಾಗುತ್ತಿತ್ತು, ನಾನು ಇನ್ನೊಂದು ಟ್ಯೂಬು ಕೊಳ್ಳುತ್ತಿದ್ದೆ. ಒಂದು ರಾತ್ರಿ ನಿದ್ದೆಗಣ್ಣಿನಲ್ಲಿ ಕೆರೆದದ್ದು ಬೆಳಗಾಗುವಷ್ಟರಲ್ಲಿ ನೀರು ಒಸರುವ ಗಾಯವಾಗಿತ್ತು. ತಿಂಗಳೊಳಗೆ ಅದು ಹಳೆಯ ರೂಪಾಯಿ ನಾಣ್ಯದಷ್ಟು ಹುಣ್ಣಾಯಿತು.

ಹುಬ್ಬಳ್ಳಿಯ ಶಸ್ತ್ರಚಿಕಿತ್ಸಕರು ನನ್ನನ್ನು ನಿಲ್ಲಿಸಿ, ರಕ್ತದ ಹರಿವನ್ನು ತೋರಿಸುವ ಡಾಪ್ಲರ್ ಸ್ಕ್ಯಾನ್ ಮಾಡಿಸಿದ ಮೇಲೆ ವಿಷಯ ತಿಳಿಯಿತು. ಕಾಲಿನ ರಕ್ತವನ್ನು ಮೇಲಕ್ಕೆ ಬಿಟ್ಟು ಕೆಳಕ್ಕೆ ತಡೆಯುವ ಪುಟ್ಟ ಕವಾಟಗಳು ನರದೊಳಗೆ ಇರುತ್ತವೆ. ಅವು ಕೆಟ್ಟರೆ ನಿಂತಷ್ಟು ಹೊತ್ತೂ ರಕ್ತ ಹಿಂದಕ್ಕಿಳಿದು ಹರಡಿನ ಸುತ್ತ ಒತ್ತಡ ಹಾಕುತ್ತದೆ, ರಕ್ತಕಣಗಳು ಹೊರಗೆ ಸೋರಿ ಅವುಗಳ ಕಬ್ಬಿಣದ ಅಂಶದಿಂದ ಚರ್ಮ ಕಪ್ಪಾಗುತ್ತದೆ, ತುರಿಕೆ ಅದರ ಬೆನ್ನಿಗೇ ಬರುತ್ತದೆ. ಮಲಾಮು ಹಚ್ಚುವುದೆಂದರೆ ಛಾವಣಿ ಸೋರುತ್ತಿರುವಾಗ ಗೋಡೆಗೆ ಸುಣ್ಣ ಬಳಿದಂತೆ.

ಲೇಸರ್ ವಿಷಯದಲ್ಲಿ ಹೇಳುವುದು ಹೆಚ್ಚಿಲ್ಲ. ತೊಡೆಯ ಉದ್ದಕ್ಕೂ ಮರಗಟ್ಟಿಸುವ ದ್ರವ ಚುಚ್ಚಿ, ತೆಳ್ಳನೆಯ ತಂತಿಯಿಂದ ಕೆಟ್ಟ ನರವನ್ನು ಒಳಗೇ ಸುಟ್ಟು ಮುಚ್ಚಿದರು. ಒಂದು ಗಂಟೆಯೊಳಗೆ ವರಾಂಡದಲ್ಲಿ ನಡೆಸಿದರು, ಸಂಜೆ ಮನೆಗೆ ಕಳಿಸಿದರು. ಎರಡು ವಾರ ತೊಡೆಯಲ್ಲಿ ಹಗ್ಗ ಎಳೆದಂತೆ ಸೆಳೆತ, ಅಲ್ಲಲ್ಲಿ ನೀಲಿ ಕಲೆ, ಅಷ್ಟೇ. ನರವನ್ನೇ ಕಿತ್ತು ತೆಗೆಯುವ ಹಳೆಯ ವಿಧಾನವಾದರೆ ಕೆಲಸಕ್ಕೆ ಮರಳಲು ಎರಡು ಮೂರು ವಾರ ಬೇಕಾಗಬಹುದು. ನರವನ್ನು ಸುಡಲು ಲೇಸರೋ ರೇಡಿಯೋ ತರಂಗವೋ ಎಂಬ ಚರ್ಚೆ ನನ್ನ ದೃಷ್ಟಿಯಲ್ಲಿ ದಂಡ. ನಿಮ್ಮ ವೈದ್ಯರ ಕೈ ಪಳಗಿರುವುದನ್ನು ಮಾಡಿಸಿಕೊಳ್ಳಿ. ವಿಶ್ರಾಂತಿ ಎಷ್ಟು ದಿನ ಎಂದಿರಲ್ಲ, ಹಾಸಿಗೆ ಹಿಡಿದು ಮಲಗಲೇಬಾರದು. ಮಲಗಿಯೇ ಇದ್ದರೆ ರಕ್ತ ಹೆಪ್ಪುಗಟ್ಟುವ ಭಯವಿರುವುದರಿಂದ ದಿನವೂ ನಡೆಯಬೇಕು. ಮೀನಖಂಡ ಏಕಾಏಕಿ ಬಾತು ನೋಯತೊಡಗಿದರೆ ಅಂದೇ ತೋರಿಸಬೇಕು.

ಐದನೆಯ ದಿನ ನಾನು ಸರಾಗವಾಗಿ ನಡೆದಾಡುತ್ತಿದ್ದರೂ ಕೆಲಸಕ್ಕೆ ಹೋಗಲು ಹುಣ್ಣು ಬಿಡಲಿಲ್ಲ. ವಾರಕ್ಕೊಮ್ಮೆ ಪದರಪದರವಾಗಿ ಬಿಗಿಯುವ ಪಟ್ಟಿ, ಅದರೊಳಗಿನ ವಾಸನೆ, ಸ್ನಾನಕ್ಕೆ ಕಾಲಿಗೆ ಪ್ಲಾಸ್ಟಿಕ್ ಚೀಲ: ಇಡೀ ಸೀಸನ್ ಹೀಗೆಯೇ ಕಳೆದು, ಹುಣ್ಣು ಒಣಗಲು ಐದು ತಿಂಗಳು ಹಿಡಿಯಿತು. 2018ರಲ್ಲಿ ಪ್ರಕಟವಾದ ಬ್ರಿಟನ್ನಿನ 450 ರೋಗಿಗಳ ಅಧ್ಯಯನದಲ್ಲಿ, ಹುಣ್ಣಿದ್ದವರ ನರವನ್ನು ಬೇಗ ಮುಚ್ಚಿದಾಗ ಅರ್ಧದಷ್ಟು ಜನರ ಹುಣ್ಣು ಮಾಯಲು ಹಿಡಿದ ಅವಧಿ 56 ದಿನ, ತಡಮಾಡಿದಾಗ 82 ದಿನ. ನನ್ನಂತೆ ಮಲಾಮು ಹಚ್ಚುತ್ತ ಕೂತವರ ದಿನಗಳು ಈ ಲೆಕ್ಕಕ್ಕೂ ಹೊರಗೆ.

ಆದ್ದರಿಂದ ರಜೆಯ ಮಾತು ಬಿಡಿ, ಈ ವಾರವೇ ಡಾಪ್ಲರ್ ಮಾಡಿಸಿ. ವೈದ್ಯರು ಕಾಲಿಗೆ ರಕ್ತ ತರುವ ಧಮನಿಗಳನ್ನೂ ಪರೀಕ್ಷಿಸಿ ಒಪ್ಪಿದ ಮೇಲೆ ಅಳತೆಯ ಬಿಗಿ ಕಾಲುಚೀಲ ತನ್ನಿ, ಬೆಳಿಗ್ಗೆ ಹಾಸಿಗೆಯಿಂದ ಇಳಿಯುವ ಮೊದಲೇ ಹಾಕಿಕೊಳ್ಳಿ. ಎರಡು ಜೊತೆ ಇರಲಿ, ಒಂದು ಒಣಗಲು ಬೇಕು.