ಸ್ಕ್ಯಾನಿಂಗ್ ನಾರ್ಮಲ್ ಬಂದ ಮೇಲೂ ಡೈ ಹಾಕಿ ಸಿಟಿ ಯಾಕೆ?

ಪ್ರಶ್ನೆ: ನಮ್ಮ ತಂದೆಗೆ 68 ವರ್ಷ. ಹೃದಯದ ಬಡಿತ ಏರುಪೇರು ಅಂತ ರಕ್ತ ತೆಳುವಾಗಿಸುವ ಮಾತ್ರೆ ಕೊಟ್ಟಿದ್ದರು, ನಡುವೆ ಬಿಟ್ಟಿದ್ದರು. ಹೋದ ತಿಂಗಳು ರಾತ್ರಿ ಇದ್ದಕ್ಕಿದ್ದ ಹಾಗೆ ಹೊಟ್ಟೆನೋವು ಬಂದು ಹಾಸಿಗೆಯಲ್ಲಿ ಹೊರಳಾಡಿದರು. ಡಾಕ್ಟರು ಒತ್ತಿ ನೋಡಿದಾಗ ಹೊಟ್ಟೆ ಮೆತ್ತಗೇ ಇತ್ತಂತೆ. ಎಕ್ಸ್‌ರೇ, ಸ್ಕ್ಯಾನಿಂಗ್ ಎರಡೂ ನಾರ್ಮಲ್. ಕಿಡ್ನಿ ಹೇಗಿದೆ ಅಂತ ತೋರಿಸುವ ರಕ್ತಪರೀಕ್ಷೆ ಕ್ರಿಯಾಟಿನಿನ್ ಜಾಸ್ತಿ, 1.6 ಇದ್ದರೂ ಡೈ ಹಾಕಿ ಸಿಟಿ ಆಂಜಿಯೋ ಮಾಡಿದರು. ಕರುಳಿನ ರಕ್ತನಾಳದಲ್ಲಿ ಹೆಪ್ಪು ಸಿಕ್ಕಿತು, ಆಪರೇಷನ್ ಆಯಿತು. ಈಗ ಮನೆಯಲ್ಲಿದ್ದಾರೆ. ಕಿಡ್ನಿ ಸರಿಯಿಲ್ಲದವರಿಗೆ ಡೈ ಕೊಡಲೇಬೇಕಿತ್ತಾ?

ಉತ್ತರ: ಕೊಡಲೇಬೇಕಿತ್ತು. ನೋವು ಅಷ್ಟೊಂದು, ಮುಟ್ಟಿದರೆ ಹೊಟ್ಟೆ ಮೆತ್ತಗೆ, ಜೊತೆಗೆ ಬಡಿತದ ಏರುಪೇರು. ಈ ಮೂರೂ ಕೂಡಿದಾಗ ಡಾಕ್ಟರಿಗೆ ಮೊದಲು ಅನುಮಾನ ಬರಬೇಕಾದ್ದು ಕರುಳಿನ ರಕ್ತದ ಮೇಲೆ. ಬಡಿತ ಹದ ತಪ್ಪಿದಾಗ ಹೃದಯದೊಳಗೆ ರಕ್ತ ಹೆಪ್ಪುಗಟ್ಟಬಹುದು. ಅದು ಕಿತ್ತು ಬಂದು ಕರುಳಿನ ಮುಖ್ಯ ರಕ್ತನಾಳದಲ್ಲಿ ಸಿಕ್ಕಿಕೊಳ್ಳುತ್ತದೆ. ಸಣ್ಣ ಕರುಳಿನ ಬಹುಪಾಲು ಮತ್ತು ದೊಡ್ಡ ಕರುಳಿನ ಬಲಭಾಗಕ್ಕೆ ರಕ್ತ ಹೋಗುವುದು ಅದೊಂದರಿಂದಲೇ. ಪೂರ್ತಿ ಕಟ್ಟಿಕೊಂಡರೆ ಸುಮಾರು 6 ಗಂಟೆಯೊಳಗೆ ಕರುಳು ಸಾಯಲು ಶುರುವಾಗುತ್ತದೆ.

ಸ್ಕ್ಯಾನಿಂಗ್‌ನಲ್ಲಿ ಕಾಣದೆ ಹೋದದ್ದರಲ್ಲಿ ಆಶ್ಚರ್ಯವಿಲ್ಲ. ಹೊಟ್ಟೆಯಲ್ಲಿ ಗ್ಯಾಸ್ ಇದ್ದರೆ ಅದರ ಹಿಂದಿನ ರಕ್ತನಾಳ ಅಲ್ಟ್ರಾಸೌಂಡ್‌ಗೆ ಸಿಗುವುದೇ ಇಲ್ಲ. ನೋವಿನಿಂದ ಒದ್ದಾಡುವವರಲ್ಲಂತೂ ಇನ್ನೂ ಕಷ್ಟ. ಎಕ್ಸ್‌ರೇ ಕೂಡ ಮೊದಮೊದಲು ನಾರ್ಮಲ್ಲೇ ಇರುತ್ತದೆ. ಕರುಳಿನ ಗೋಡೆಯೊಳಗೆ ಗಾಳಿ ಕಾಣಿಸಿಕೊಳ್ಳುವ ಹೊತ್ತಿಗೆ ಸಾಮಾನ್ಯವಾಗಿ ತಡವಾಗಿರುತ್ತದೆ. ಅಂಗಕ್ಕೆ ರಕ್ತ ಸಾಲದಾದಾಗ ಏರುವ ಲ್ಯಾಕ್ಟೇಟ್ ಎಂಬ ಅಂಶ ರಕ್ತದಲ್ಲಿ ಸರಿಯಿದೆ ಅಂತಲೂ ನೆಚ್ಚಿಕೊಂಡು ಕೂರುವಂತಿಲ್ಲ.

ಈಗ ಡೈ ವಿಷಯ. ಡೈ ಇಲ್ಲದ ಸಿಟಿಯಲ್ಲಿ ರಕ್ತವೂ ಹೆಪ್ಪೂ ಹೆಚ್ಚುಕಡಿಮೆ ಒಂದೇ ಬೂದು ಬಣ್ಣ. ಕೈಯ ನರದಿಂದ ಡೈ ಕೊಟ್ಟು 25-30 ಸೆಕೆಂಡಿಗೆ ಒಂದು ಸುತ್ತು ಚಿತ್ರ ತೆಗೆದರೆ ಶುದ್ಧ ರಕ್ತದ ನಾಳಗಳು ಬೆಳ್ಳಗೆ ತುಂಬಿರುತ್ತವೆ. ಪಕ್ಕದಿಂದ ನೋಡುವಾಗ, ಕೆಳಗಿಳಿಯುವ ಆ ಬಿಳಿ ನಾಳ ಒಂದು ಕಡೆ ತಟ್ಟನೆ ನಿಂತು ಮುಂದೆ ಕಪ್ಪಾಗಿರುತ್ತದೆ. ಅದೇ ಹೆಪ್ಪು. ಇನ್ನೊಂದು ಸುತ್ತು 60-70 ಸೆಕೆಂಡಿಗೆ. ಆಗ ರಕ್ತ ವಾಪಸ್ ಒಯ್ಯುವ ನಾಳಗಳೂ ಕರುಳಿನ ಗೋಡೆಯೂ ಕಾಣುತ್ತವೆ. ರಕ್ತ ಹೋಗುತ್ತಿರುವ ಗೋಡೆ ಬೆಳ್ಳಗಾಗುತ್ತದೆ, ರಕ್ತ ನಿಂತದ್ದು ಮಂಕಾಗೇ ಉಳಿಯುತ್ತದೆ. ಯಾವ ತುಂಡು ಉಳಿದೀತು, ಯಾವುದನ್ನು ಕತ್ತರಿಸಬೇಕಾದೀತು ಅನ್ನುವ ಅಂದಾಜು ಸರ್ಜನ್‌ಗೆ ಸಿಗುವುದು ಇಲ್ಲಿಂದ. ಈ ಕಾಯಿಲೆ ಹಿಡಿಯುವುದರಲ್ಲಿ ಸಿಟಿ ಆಂಜಿಯೋ 100ಕ್ಕೆ 90ಕ್ಕಿಂತ ಜಾಸ್ತಿ ಸರಿ ಬರುತ್ತದೆ. ಕುಡಿಯುವ ಬಿಳಿ ಡೈ ಮಾತ್ರ ಇಲ್ಲಿ ಬೇಡ. ಅದಕ್ಕೆ ಕಾಯುತ್ತಾ ಸಮಯ ಹೋಗುತ್ತದೆ, ಒಳಗೆ ತುಂಬಿಕೊಂಡು ಗೋಡೆಯನ್ನೂ ಮರೆಮಾಡುತ್ತದೆ.

ಕಿಡ್ನಿಗೆ ಅಪಾಯ ಇಲ್ಲವೇ ಇಲ್ಲ ಅನ್ನುವುದಿಲ್ಲ. ಆದರೆ ಹಿಂದೆ ಹೆದರುತ್ತಿದ್ದಷ್ಟಿಲ್ಲ. ಡ್ರಿಪ್ ಹಾಕಿ ನೋಡಿಕೊಳ್ಳಬಹುದು, ಕೆಟ್ಟರೂ ಎಷ್ಟೋ ಸಲ ಚೇತರಿಸಿಕೊಳ್ಳುತ್ತದೆ. ಸತ್ತ ಕರುಳು ಚೇತರಿಸಿಕೊಳ್ಳುವುದಿಲ್ಲ. ಕ್ರಿಯಾಟಿನಿನ್ ನೋಡಿ ಹೆದರಿ ಸುಮ್ನೆ ಪ್ಲೇನ್ ಸಿಟಿ ಮಾಡಿಸುವುದು ನನಗಂತೂ ಒಪ್ಪಿಗೆಯಿಲ್ಲ. ಮಾತ್ರೆಯನ್ನು ಇನ್ನು ತಾವಾಗಿ ಬಿಡದಂತೆ ನೋಡಿಕೊಳ್ಳಿ.

ಪ್ರಶ್ನೆ: ಊಟವಾದ ಅರ್ಧ ಗಂಟೆಗೆ ಹೊಟ್ಟೆನೋವು. ಭಯಕ್ಕೆ ಊಟ ಕಡಿಮೆ ಮಾಡಿದ್ದೇನೆ, ತೂಕ ಇಳಿದಿದೆ. ಬೀಡಿ ಚಟ ಇದೆ. ಎಂಡೋಸ್ಕೋಪಿ ನಾರ್ಮಲ್. ಈಗ ಡಾಪ್ಲರ್ ಬರೆದಿದ್ದಾರೆ.

ಉತ್ತರ: ಇದು ಕರುಳಿನ ರಕ್ತನಾಳ ನಿಧಾನಕ್ಕೆ ಕಿರಿದಾಗುವ ಬಗೆ ಇರಬಹುದು, ಇಲ್ಲಿ ಡಾಪ್ಲರ್ (ನಾಳದಲ್ಲಿ ರಕ್ತ ಹರಿಯುವ ವೇಗ ಅಳೆಯುವ ಸ್ಕ್ಯಾನಿಂಗ್) ಒಳ್ಳೆಯ ಆರಂಭ. ರಾತ್ರಿ ಊಟದ ಮೇಲೆ ಏನೂ ತಿನ್ನದೆ ಬೆಳಿಗ್ಗೆ ಹೋಗಿ. ಉಂಡ ಮೇಲೆ ಕರುಳಿಗೆ ರಕ್ತ ಜಾಸ್ತಿ ಹರಿಯುವುದು ಸಹಜ, ಆಗ ಅಳತೆ ದಾರಿ ತಪ್ಪಿಸುತ್ತದೆ. ಖಾಲಿ ಹೊಟ್ಟೆಯಲ್ಲಿ ಮುಖ್ಯ ನಾಳದಲ್ಲಿ ರಕ್ತದ ವೇಗ ಸೆಕೆಂಡಿಗೆ 275 ಸೆಂ.ಮೀ. ದಾಟಿದರೆ 70 ಶೇಕಡಕ್ಕಿಂತ ಹೆಚ್ಚು ಕಿರಿದಾಗಿರುವ ಅನುಮಾನ. ಆಮೇಲೆ ಸಿಟಿ ಆಂಜಿಯೋದಲ್ಲಿ ಖಚಿತ ಮಾಡಿಕೊಂಡೇ ಸ್ಟೆಂಟ್ ಮಾತು. ವಯಸ್ಸಾದ ಎಷ್ಟೋ ಜನರಲ್ಲಿ ನಾಳ ಕಿರಿದಾಗಿದ್ದರೂ ತೊಂದರೆ ಇರುವುದಿಲ್ಲ, ಅವರಿಗೆ ಸ್ಟೆಂಟ್ ಸಾಮಾನ್ಯವಾಗಿ ಬೇಕಿಲ್ಲ. ನಿಮಗೆ ನೋವೂ ಇದೆ, ತೂಕವೂ ಇಳಿದಿದೆ, ಹಾಗಾಗಿ ಪರೀಕ್ಷೆ ಮುಂದೂಡಬೇಡಿ. ನೋವು ಬಿಡದೆ ನಿಂತುಬಿಟ್ಟರೆ ಡಾಪ್ಲರ್ ದಿನಕ್ಕೆ ಕಾಯದೆ ಆಗಲೇ ಎಮರ್ಜೆನ್ಸಿಗೆ ಹೋಗಿ. ಬೀಡಿ ಇವತ್ತೇ ಬಿಡಿ.