ರಿಪೋರ್ಟಿನಲ್ಲಿ ‘ನೆಗೆಟಿವ್’ ಅಂದ್ರೆ ಏನೂ ಇಲ್ಲ ಅಂತಲ್ಲ

ಡೊಂಬಿವಲಿ ಅಕ್ಕಾವ್ರೇ, ಮಗಳ ಮೂತ್ರದ ರಿಪೋರ್ಟಿನಲ್ಲಿ ‘ಗ್ರಾಂ ನೆಗೆಟಿವ್ ಬ್ಯಾಸಿಲೈ’ ಅಂತ ಇದೆ, ನೆಗೆಟಿವ್ ಅಂದ್ರೆ ಇನ್‌ಫೆಕ್ಷನ್ ಇಲ್ಲ ಅಂತ ಅಲ್ವಾ ಎಂದು ಕೇಳಿದ್ದೀರಿ. ಅಲ್ಲ. ಬ್ಯಾಕ್ಟೀರಿಯಾ ಕಂಡಿವೆ ಅಂತಲೇ ಅರ್ಥ; ಇಲ್ಲಿ ‘ನೆಗೆಟಿವ್’ ಅನ್ನುವುದು ಬರೀ ಬಣ್ಣದ ಮಾತು.

ನಾನು ಪುಣೆಯ ಒಂದು ಲ್ಯಾಬಿನಲ್ಲಿ ಕೆಲಸ ಮಾಡುತ್ತೇನೆ. ಗಾಜಿನ ಸ್ಲೈಡಿಗೆ ಮೊದಲು ನೇರಳೆ ಬಣ್ಣ, ಆಮೇಲೆ ಅಯೋಡಿನ್ ಹಾಕಿ, ಆಲ್ಕೋಹಾಲಿನಿಂದ ತೊಳೆಯುತ್ತೇವೆ. ಹೊರಗೋಡೆ ದಪ್ಪ ಇದ್ದ ಬ್ಯಾಕ್ಟೀರಿಯಾಗಳು ನೇರಳೆಯಾಗಿಯೇ ಉಳಿಯುತ್ತವೆ, ಅವು ಪಾಸಿಟಿವ್. ಗೋಡೆ ತೆಳು ಇದ್ದವು ಬಣ್ಣ ಬಿಟ್ಟುಬಿಡುತ್ತವೆ; ಕೊನೆಗೆ ಹಾಕುವ ಕೆಂಪು ಬಣ್ಣದಿಂದ ಗುಲಾಬಿ ಕಾಣುತ್ತವೆ, ಅವು ನೆಗೆಟಿವ್. (ನಮ್ಮ ಬೆರಳಿನ ನೇರಳೆ ಮಾತ್ರ ಎರಡು ದಿನ ಹೋಗಲ್ಲ!) 1884ರಲ್ಲಿ ಈ ವಿಧಾನ ಪ್ರಕಟಿಸಿದವರು ಡೆನ್ಮಾರ್ಕಿನ ಹಾನ್ಸ್ ಕ್ರಿಶ್ಚಿಯನ್ ಗ್ರಾಂ. ಬ್ಯಾಸಿಲೈ ಅಂದ್ರೆ ಕಡ್ಡಿಯಾಕಾರದವು. ದುಂಡಗಿನವಕ್ಕೆ ಕಾಕೈ ಅನ್ನುತ್ತಾರೆ. ಸುರುಳಿಯಂಥವೂ ಇವೆ.

ಒಂದೇ ದಿನದಲ್ಲಿ ಇಷ್ಟು ಹೇಗೆ ಹೆಚ್ಚಿದವು ಅಂದಿರಲ್ಲ? ಗಂಡು ಹೆಣ್ಣು ಏನೂ ಬೇಡ. ಒಂದು ಕೋಶ ತನ್ನ ಡಿಎನ್‌ಎಯ ನಕಲು ಮಾಡಿಕೊಂಡು, ಉದ್ದವಾಗಿ, ನಡುವೆ ಗೋಡೆ ಕಟ್ಟಿಕೊಂಡು ಎರಡಾಗುತ್ತದೆ. ಅನುಕೂಲ ಇದ್ದರೆ ಇ. ಕೋಲೈ ಎಂಬ ಕಡ್ಡಿಯಾಕಾರದ ಬ್ಯಾಕ್ಟೀರಿಯಾಕ್ಕೆ ಇದಕ್ಕೆ ಸುಮಾರು 20 ನಿಮಿಷ ಸಾಕು. ಅದೇ ವೇಗದಲ್ಲಿ ಹೋದರೆ 7 ಗಂಟೆಗಳಲ್ಲಿ ಒಂದರಿಂದ 20,97,152! ಮುಂಬೈಯ ಮೇ ತಿಂಗಳಲ್ಲಿ ಹೆಪ್ಪು ಹಾಕಿದ ಹಾಲು ಬೆಳಗಾಗುವಷ್ಟರಲ್ಲಿ ಹುಳಿ ಆಗುವುದೂ ಹೀಗೇ.

ಆ ಕಾಗದದಲ್ಲಿ ಕೆಳಗೆ ಯಾವ ಔಷಧಿ ಕೆಲಸ ಮಾಡುತ್ತದೆ ಅನ್ನುವ ಪಟ್ಟಿ ಇರಬಹುದು. ಡಾಕ್ಟರಿಗೆ ಪೂರ್ತಿ ರಿಪೋರ್ಟ್ ತೋರಿಸಿ, ಹಳೇ ಮಾತ್ರೆ ಸುಮ್ನೆ ಕೊಡಬೇಡಿ.